ಒಂದೇ ಕೆನ್ನೆಯ ಎರಡು ಸ್ಲೈಡುಗಳು

ನಾನು ಮೊದಲು ನೋಡಿದ್ದು ನನ್ನದೇ ಕೆನ್ನೆಯನ್ನು. ಕನ್ನಡಿಯಲ್ಲಿ ಕಾಣುವ ಕೆನ್ನೆಯಲ್ಲ, ಅದರ ಒಳಮೈ. ದಂತವೈದ್ಯ ಕಾಲೇಜಿನಲ್ಲಿ ಸ್ನಾತಕೋತ್ತರ ಓದಿಗೆ ಸೇರಿದ ಮೊದಲ ವಾರ ನಮ್ಮ ವಿಭಾಗದ ಮೇಡಂ ಒಂದು ಮರದ ಕಡ್ಡಿಯನ್ನು ನನ್ನ ಕೈಗಿತ್ತು, "ಮೊದಲು ನಿನ್ನ ಬಾಯಿ ನೋಡಿಕೋ, ಆಮೇಲೆ ಊರವರ ಬಾಯಿಗೆ ಕೈ ಹಾಕುವೆಯಂತೆ" ಎಂದರು. ಅವರು ಹೇಳಿದ್ದು ತಮಿಳಿನಲ್ಲಿ. ಇಷ್ಟು ವರ್ಷಗಳ ಮೇಲೆ ಅದು ನನ್ನ ಕಿವಿಯಲ್ಲಿ ಕನ್ನಡವಾಗಿ ಉಳಿದುಬಿಟ್ಟಿದೆ.

ಐಸ್‌ಕ್ರೀಮಿನ ಕಡ್ಡಿಯಂಥದೇ ಚಪ್ಪಟೆ ಕಡ್ಡಿ. ಅದನ್ನು ನೀರಲ್ಲಿ ಒದ್ದೆ ಮಾಡಿ ಒಳಗೆನ್ನೆಯ ಮೇಲೆ ಮೆಲ್ಲಗೆ ಕೆರೆದೆ. ಕಡ್ಡಿಯ ತುದಿಗೆ ಹತ್ತಿದ ಬಿಳಿಯ ಲೋಳೆಯನ್ನು ಗಾಜಿನ ಸ್ಲೈಡಿನ ಮೇಲೆ ಬಳಿದು, ಆರುವ ಮೊದಲೇ ಸ್ಪಿರಿಟ್ಟಿನ ಜಾಡಿಯಲ್ಲಿ ಮುಳುಗಿಸಿದೆ. ಮಾರನೆಯ ದಿನ ಬಣ್ಣಗಳ ಸಾಲಿನಲ್ಲಿ ಅದ್ದಿ ತೆಗೆದು ಸೂಕ್ಷ್ಮದರ್ಶಕದಡಿ ಇಟ್ಟು ಕಣ್ಣು ಹಚ್ಚಿದೆ. ತಿಳಿಗುಲಾಬಿ, ಕಿತ್ತಳೆ, ಬೆಳಗಿನ ಹೊತ್ತಿನ ಸಮುದ್ರದ ಹಸಿರುನೀಲಿ. ಅಂಚು ಮಡಚಿದ, ತೆಳ್ಳಗಿನ, ಸಾವಿರಾರು ಎಸಳುಗಳು ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಪ್ರತಿ ಕೋಶದ ನಡುವೆಯೂ ಒಂದು ಸಣ್ಣ ಕಪ್ಪು ಚುಕ್ಕಿ. ಇದೆಲ್ಲ ನನ್ನ ಬಾಯೊಳಗೆ ಇತ್ತೇ, ನಾನು ಇಷ್ಟು ದಿನ ಇದರ ಮೇಲೆಯೇ ಅನ್ನ ಸಾರು ಉಂಡೆನೇ ಎಂದು ಬೆರಗಾಯಿತು.

ಆ ಬಣ್ಣಗಳಿಗೆ ನಮ್ಮ ಊರಿನ ನೀರೂ ಕಾರಣ ಎಂದು ಆಮೇಲೆ ತಿಳಿಯಿತು. ಮದರಾಸು ಆಗಷ್ಟೇ ಚೆನ್ನೈ ಆಗಿತ್ತು. ಬೇಸಿಗೆ ಬಂತೆಂದರೆ ನಲ್ಲಿ ನಿಂತುಹೋಗುತ್ತಿತ್ತು. ಕಾಲೇಜಿನ ಹಿಂದೆ ಕೊರೆಸಿದ ಬೋರಿನ ಗಡಸು ನೀರನ್ನು ಬಕೆಟಿನಲ್ಲಿ ಹಿಡಿದಿಟ್ಟು ಸ್ಲೈಡ್ ತೊಳೆಯುತ್ತಿದ್ದೆವು. ಕುಡಿಯಲು ಬಾರದ ಆ ನೀರು ಬಿದ್ದ ಕೂಡಲೇ ಕೆಂಪಗಿದ್ದ ಚುಕ್ಕಿಗಳು ಕಪ್ಪುನೀಲಿಗೆ ತಿರುಗುತ್ತಿದ್ದವು. "ಈ ಊರಿನ ನೀರು ಸೋಪಿಗೆ ಆಗಲ್ಲ, ಬೇಳೆಗೆ ಆಗಲ್ಲ, ನಿಮಗೆ ಮಾತ್ರ ಆಗುತ್ತೆ ಅನ್ನು" ಎಂದು ಅಮ್ಮ ನಕ್ಕಿದ್ದಳು.

ನಾವು ಇದ್ದದ್ದು ಮೈಲಾಪೂರಿನ ಹಳೆಯ ಫ್ಲ್ಯಾಟೊಂದರ ಎರಡನೆಯ ಮಹಡಿಯಲ್ಲಿ. ಅಪ್ಪನಿಗೆ ವಿಮಾ ಕಚೇರಿಯ ಕೆಲಸ. ಮೈಸೂರು ಕಡೆಯಿಂದ ವರ್ಗವಾಗಿ ಬಂದವರು ಅಲ್ಲೇ ನಿಂತುಬಿಟ್ಟಿದ್ದರು. ಮನೆಯಲ್ಲಿ ಅಮ್ಮನದು ಅಚ್ಚ ಮೈಸೂರು ಕನ್ನಡ, ನನ್ನ ತಮ್ಮನ ಉತ್ತರ ಸದಾ ತಮಿಳು, ನನ್ನದು ಎರಡರ ನಡುವಿನದು. ಓದಲು ಬರೆಯಲು ಕಲಿತ ಕನ್ನಡವೆಲ್ಲ ಅಮ್ಮ ಬೇಸಿಗೆ ರಜೆಗಳಲ್ಲಿ ಊಟದ ಮೇಜಿನ ಮೇಲೆ ಕಲಿಸಿದ್ದು.

ನಮ್ಮ ಬೀದಿಯ ತುದಿಯಲ್ಲಿ ಒಂದು ಸಸ್ಯಾಹಾರಿ ಹೋಟೆಲಿತ್ತು. ಮಾಲೀಕರಿಂದ ಹಿಡಿದು ಎಲೆ ತೆಗೆಯುವವರವರೆಗೂ ಎಲ್ಲರೂ ಕುಂದಾಪುರದ ಆಚೀಚಿನವರು. ಅಲ್ಲಿನ ಮುಖ್ಯ ಅಡುಗೆಯವರನ್ನು ನಾನು ಚಿಕ್ಕಂದಿನಿಂದ ಮಾಮಾ ಎಂದೇ ಕರೆಯುತ್ತಿದ್ದೆ. ಇಪ್ಪತ್ತು ತುಂಬುವ ಮೊದಲೇ ಮದರಾಸಿಗೆ ಬಂದು ಮೂವತ್ತು ವರ್ಷಕ್ಕೂ ಮಿಕ್ಕಿ ಒಂದೇ ಒಲೆಯ ಮುಂದೆ ನಿಂತವರು. ಹೆಂಡತಿ ಊರಲ್ಲಿ. ವರ್ಷಕ್ಕೆ ಎರಡು ಸಲ ಹೋಗಿಬರುತ್ತಿದ್ದರು. ಸೌಟಿನಿಂದ ಒಂದು ಹನಿ ಸಾಂಬಾರನ್ನು ಅಂಗೈಗೆ ಬಿಟ್ಟುಕೊಂಡು ನೆಕ್ಕಿ, ಕಣ್ಣು ಮುಚ್ಚಿ ಒಂದು ಕ್ಷಣ ಸುಮ್ಮನೆ ನಿಲ್ಲುವರು. ಆಮೇಲೆ, "ಹುಳಿ ನಿದ್ದೆ ಮಾಡ್ತಾ ಉಂಟು, ಎಬ್ಬಿಸಿ" ಎಂದೋ, "ಸಾಕು, ಇಳಿಸಿ" ಎಂದೋ ಹೇಳುವರು. ಅವರ ನಾಲಗೆಯ ಮಾತಿಗೆ ಎದುರಿರಲಿಲ್ಲ.

ಮಧ್ಯಾಹ್ನ ಮೂರರ ಹೊತ್ತಿಗೆ ಹೋಟೆಲಿನ ಬಾಗಿಲು ಅರ್ಧ ಮುಚ್ಚಿ, ಕುರ್ಚಿಗಳು ಮೇಜಿನ ಮೇಲೆ ತಲೆಕೆಳಗಾಗಿ ಕೂತಿರುವಾಗ, ಮಾಮಾ ಹಿತ್ತಲಿನ ಕಲ್ಲುಹಾಸಿನ ಮೇಲೆ ಕಾಲು ಚಾಚಿ ಕೂರುತ್ತಿದ್ದರು. ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು, ಚಿಟಿಕೆ ಹೊಗೆಸೊಪ್ಪು ಸೇರಿಸಿ ಎಡಗಡೆಯ ಕೆನ್ನೆಯೊಳಗೆ ಒತ್ತರಿಸಿಕೊಂಡರೆಂದರೆ ಅವರಿಗೆ ಬೇರೆ ಲೋಕವೇ. ಸಮುದ್ರದ ಗಾಳಿ ಸರಿಯಾಗಿ ಅದೇ ಹೊತ್ತಿಗೆ ಬೀದಿಗೆ ಇಳಿಯುತ್ತಿತ್ತು. ತೂಗುಹಾಕಿದ ಒದ್ದೆ ಪಂಚೆಗಳು ನಿಧಾನವಾಗಿ ಉಬ್ಬುತ್ತಿದ್ದವು. ನಾನು ಪುಸ್ತಕ ಹಿಡಿದು ಅಲ್ಲಿ ಹೋಗಿ ಕೂತಿರುತ್ತಿದ್ದೆ. ಇಬ್ಬರಿಗೂ ಮಾತಾಡಲೇಬೇಕೆಂದಿರಲಿಲ್ಲ. ಆ ಮಧ್ಯಾಹ್ನಗಳು ನನಗೆ ಈಗಲೂ ಎಚ್ಚರವಾಗಿ ಕಂಡ ಕನಸಿನಂತೆಯೇ ನೆನಪಿಗೆ ಬರುತ್ತವೆ.

ಎರಡನೆಯ ವರ್ಷ ಪ್ರಬಂಧಕ್ಕೆ ವಿಷಯ ಆರಿಸಬೇಕಾಯಿತು. ಬಾಯಿಯ ಕ್ಯಾನ್ಸರನ್ನು ಮೊದಲೇ ಹಿಡಿಯಲು ಕೋಶಗಳನ್ನು ಹೇಗೆ ತೆಗೆದರೆ ಒಳ್ಳೆಯದು ಎಂಬುದನ್ನು ನೋಡೋಣ ಎಂದರು ಮೇಡಂ. ನಮ್ಮಲ್ಲಿ ರೂಢಿಯಲ್ಲಿದ್ದದ್ದು ಮರದ ಕಡ್ಡಿ. ಹೊಸದಾಗಿ ಬಂದದ್ದು ಒಂದು ಪುಟಾಣಿ ಬ್ರಷ್. ಹೆಂಗಸರ ಗರ್ಭಕಂಠದ ಪರೀಕ್ಷೆಗೆಂದು ಮಾಡಿದ್ದು ಅದು. ತೆಳ್ಳನೆಯ ಹಿಡಿಯ ತುದಿಯಲ್ಲಿ ಸುತ್ತಲೂ ಬಿರುಸು ಎಳೆಗಳು, ಸೀಸೆ ತೊಳೆಯುವ ಬ್ರಷ್ಷಿನ ಮರಿಯಂತೆ. ಕಡ್ಡಿ ಮೇಲುಪದರವನ್ನಷ್ಟೇ ಕೆರೆಯುತ್ತದೆ, ಕೆರೆದದ್ದರಲ್ಲೂ ಸ್ವಲ್ಪ ಅದರ ನಾರಿಗೇ ಅಂಟಿಕೊಂಡು ಉಳಿಯುತ್ತದೆ. ಬ್ರಷ್ಷನ್ನು ಒತ್ತಿ ತಿರುಗಿಸಿದರೆ ಕೆಳಗಿನ ಪದರದ ಕೋಶಗಳೂ ಬರಬಹುದು. ಆದರೆ ಸ್ವಲ್ಪ ರಕ್ತ ಜಿನುಗುತ್ತದೆ, ರೋಗಿಗೆ ಉರಿಯೂ ಆಗುತ್ತದೆ.

ಮೇಡಂ ಹಾಕಿಕೊಟ್ಟ ಕ್ರಮ ಹೀಗಿತ್ತು. ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ ಇದ್ದವರು ಒಪ್ಪಿದರೆ, ಮಚ್ಚೆಯ ಒಂದು ಅರ್ಧಕ್ಕೆ ಕಡ್ಡಿ, ಇನ್ನೊಂದು ಅರ್ಧಕ್ಕೆ ಬ್ರಷ್. ಕಡ್ಡಿಯ ಸ್ಲೈಡನ್ನು ಎಂದಿನಂತೆ ಕೂಡಲೇ ನೋಡಿ ರೋಗಿಗೆ ವರದಿ ಕೊಡುವುದು. ಬ್ರಷ್ಷಿನ ಸ್ಲೈಡುಗಳಿಗೆ ಹೆಸರು ಕಾಣದಂತೆ ಬರೀ ಅಂಕಿಯ ಚೀಟಿ ಅಂಟಿಸಿ, ಒಂದು ರಾಶಿಯಾದ ಮೇಲೆ ಒಟ್ಟಿಗೆ ಓದುವುದು. ಯಾರದ್ದೆಂದು ಗೊತ್ತಿದ್ದರೆ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ ಎಂಬುದು ಅವರ ಖಚಿತ ನಂಬಿಕೆ. ಇದೆಲ್ಲದರ ಮೇಲೆ ಇನ್ನೊಂದು ನಿಯಮವಿತ್ತು. ಸ್ಲೈಡು ಏನೇ ಹೇಳಲಿ, ಮಚ್ಚೆ ಕಣ್ಣಿಗೆ ಕಾಣುತ್ತಿದ್ದರೆ ಅದರಿಂದ ಒಂದು ಚೂರು ಕತ್ತರಿಸಿ ಬಯಾಪ್ಸಿಗೆ ಕಳಿಸಬೇಕು. ರೋಗಿಯನ್ನು ಅದಕ್ಕೆ ಒಪ್ಪಿಸುವುದು ನನ್ನ ಕೆಲಸ.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ನಾನೇನೋ ಹೇಳಿದ್ದಕ್ಕೆ ಮಾಮಾ ಬಾಯಿ ತೆರೆದು ಜೋರಾಗಿ ನಕ್ಕರು. ಹಿತ್ತಲಿನ ಓರೆ ಬಿಸಿಲು ಅವರ ಬಾಯೊಳಗೆ ಬಿತ್ತು. ಎಡಗೆನ್ನೆಯ ಒಳಗೆ, ತುಟಿಯ ಮೂಲೆಯಿಂದ ಹಿಂದಕ್ಕೆ, ಆರಿದ ಸುಣ್ಣದಂತೆ ಬೆಳ್ಳಗೆ ಏನೋ ಕಂಡಿತು.

"ಮಾಮಾ, ಇನ್ನೊಂದ್ಸಲ ಬಾಯಿ ತೆಗೀರಿ."

"ಎಂತಕೆ ಮಾರಾಯ್ತಿ? ನಗೂದಕ್ಕೂ ಈಗ ಡಾಕ್ಟ್ರ ಚೀಟಿ ಬೇಕಾ?"

"ತಮಾಷೆ ಅಲ್ಲ. ಅಲ್ಲಿ ಬಿಳೀ ಮಚ್ಚೆ ಇದೆ."

"ಅದು ಸುಣ್ಣ ಸುಟ್ಟದ್ದು. ಹತ್ತು ವರ್ಷದಿಂದ ಉಂಟು. ನೋವಿಲ್ಲ, ಎಂತ ಇಲ್ಲ" ಎಂದು ಬಾಯಿ ಮುಚ್ಚಿಬಿಟ್ಟರು.

ಬೆರಳಿಗೆ ಬಟ್ಟೆ ಸುತ್ತಿ ಒರೆಸಿ ನೋಡಿ ಎಂದೆ. ಒರೆಸಿದರು, ಹೋಗಲಿಲ್ಲ. ಆದರೂ ಆಸ್ಪತ್ರೆಗೆ ಬರಲು ಒಪ್ಪಲಿಲ್ಲ. ಕೊನೆಗೆ ಅಮ್ಮ ಹೋಗಿ ಹೇಳಿದಳು. "ನಮ್ಮ ಹುಡುಗಿ ಓದಿಗೆ ಜನ ಬೇಕಂತೆ. ನೀವು ಬಂದ್ರೆ ಅವಳಿಗೆ ಉಪಕಾರ ಆಗುತ್ತೆ ಕಣ್ರೀ" ಎಂದಳು. ತನಗಾಗಿ ಬರಲು ಮನಸ್ಸಿಲ್ಲದವರು ನನ್ನ ಓದಿಗಾಗಿ ಬರಲು ಒಪ್ಪಿದರು. ವಾರದ ರಜೆಯ ದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಹಣೆಗೆ ಗಂಧ ಇಟ್ಟುಕೊಂಡು, ಮದುವೆಗೆ ಹೊರಟವರಂತೆ ನನ್ನೊಂದಿಗೆ ಬಸ್ಸು ಹತ್ತಿದರು.

ದೊಡ್ಡ ದೀಪದಡಿಯ ಕುರ್ಚಿಯಲ್ಲಿ ಒರಗಿ ಕೂತಾಗ ಅವರ ಕೈಗಳನ್ನು ನೋಡಿದೆ. ಕಾದ ಬಾಣಲೆಯನ್ನು ಬರಿಗೈಲಿ ಎತ್ತುವ ಕೈಗಳು ಅಂದು ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದಿದ್ದವು. ಮಚ್ಚೆಯ ಮುಂದಿನ ಅರ್ಧವನ್ನು ಕಡ್ಡಿಯಿಂದ ಕೆರೆದೆ. ಅವರು ಅಲುಗಾಡಲಿಲ್ಲ. ಹಿಂದಿನ ಅರ್ಧಕ್ಕೆ ಬ್ರಷ್ ಒತ್ತಿ ತಿರುಗಿಸಿದೆ. ಹಿಡಿಕಡ್ಡಿಯಿಂದ ಚುಚ್ಚಿದಂತೆ ನಾಲ್ಕೈದು ರಕ್ತದ ಚುಕ್ಕಿಗಳು ಮೂಡಿದವು.

ಬಾಯಿ ಮುಕ್ಕಳಿಸಿ ಬಂದು, "ಮೊದಲಿನದ್ದು ತೊಂದರೆ ಇಲ್ಲ. ಎರಡನೇದ್ದು ದೋಸೆಕಲ್ಲು ಉಜ್ಜಿದ ಹಾಗೆ ಆಯ್ತಲ್ಲ!" ಎಂದರು.

ಮೇಡಂ ಬಂದು ದೀಪ ಹಿಡಿದು ನೋಡಿದರು. ಒಂದು ಚೂರು ತೆಗೆದು ಬಯಾಪ್ಸಿ ಮಾಡಬೇಕು ಎಂದು ತಮಿಳಿನಲ್ಲಿ ವಿವರಿಸಿದರು. ಮಾಮಾ ಮೇಡಂಗೆ ಕೈಮುಗಿದು, ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಕತ್ತರಿಸೂದು ಬೇಡ ಮಗಾ. ಕತ್ತರಿಸಿದ್ರೆ ಇಲ್ಲದ್ದು ಏಳ್ತದೆ. ಮೊದಲು ಈ ಗಾಜಿನದ್ದು ಎಂತ ಹೇಳ್ತದೆ ಕಾಂಬ" ಎಂದರು.

ಎರಡು ದಿನಕ್ಕೆ ಕಡ್ಡಿಯ ಸ್ಲೈಡು ಸಿದ್ಧವಾಯಿತು. ನಾನು ಅದನ್ನು ಮೂಲೆಯಿಂದ ಮೂಲೆಗೆ, ಗದ್ದೆ ಉತ್ತಂತೆ ಸಾಲು ಹಿಡಿದು ನೋಡಿದೆ. ಕಿತ್ತಳೆ ಬಣ್ಣದ ಒಣ ಎಸಳುಗಳು, ಅಲ್ಲಲ್ಲಿ ಗುಲಾಬಿ. ದಪ್ಪಗಟ್ಟಿದ ಮೇಲುಪದರ, ಅಷ್ಟೇ. ಕೆಟ್ಟದ್ದು ಒಂದೂ ಕಾಣಲಿಲ್ಲ. ಕಣ್ಣು ಮಂಜಾಗುವಷ್ಟು ಖುಷಿಯಾಯಿತು. ಆ ಸಂಜೆ ರೈಲಿನಲ್ಲಿ, ಎತ್ತರದ ಹಳಿಯ ಮೇಲಿಂದ ತೆಂಗಿನ ತಲೆಗಳನ್ನೂ ತಾರಸಿಗಳ ಮೇಲೆ ಒಣಗುವ ಸೀರೆಗಳನ್ನೂ ನೋಡುತ್ತಾ ಬಂದದ್ದು ನೆನಪಿದೆ. ಇಡೀ ಮೈಲಾಪೂರು ಕೆಳಗೆ ತೇಲುತ್ತಿರುವಂತಿತ್ತು. ನಿಲ್ದಾಣದಿಂದ ಮನೆಗೂ ಹೋಗದೆ ನೇರ ಹೋಟೆಲಿನ ಹಿತ್ತಲಿಗೆ ಹೋದೆ.

"ಮಾಮಾ, ಏನೂ ಇಲ್ಲ!"

ಅವರು ಸೌಟನ್ನು ಪಾತ್ರೆಯ ಅಂಚಿಗೆ ಒರಗಿಸಿ ಬಂದು ನನ್ನ ತಲೆಯ ಮೇಲೆ ಕೈಯಿಟ್ಟರು. ಒಳಗಿನಿಂದ ಬಾಳೆಲೆಯ ಚೂರಿನಲ್ಲಿ ಬಿಸಿ ಕೇಸರಿಭಾತ್ ತಂದು ಕೊಟ್ಟರು. ಆ ಎರಡು ದಿನ ಅವರು ಎಲೆ ಮುಟ್ಟಿರಲಿಲ್ಲ ಎಂದು ಆಗ ಗೊತ್ತಾಯಿತು. ನನ್ನೆದುರಿಗೇ ಡಬ್ಬಿ ತೆಗೆದು, ಎಲೆ ಮಡಚಿ, ಕೆನ್ನೆಗೆ ಒತ್ತಿಕೊಂಡು, "ಡಾಕ್ಟ್ರಮ್ಮ ಪಾಸ್ ಮಾಡಿದ್ಲು" ಎಂದು ಒಳಗಿನವರಿಗೆ ಕೂಗಿ ಹೇಳಿದರು.

"ಹೊಗೆಸೊಪ್ಪು ಮಾತ್ರ ಬಿಡಿ ಮಾಮಾ" ಎಂದೆ. ಕೇಸರಿಭಾತ್ ತಿನ್ನುತ್ತಾ ಹೇಳಿದ ಮಾತಿಗೆ ಎಷ್ಟು ಬಲ? ಬಯಾಪ್ಸಿಯ ಮಾತನ್ನು ಎತ್ತಬೇಕಾಗಿತ್ತು. ಎತ್ತಲಿಲ್ಲ. ಅವರ ಮುಖದ ಮೇಲಿದ್ದ ಆ ನಿರಾಳವನ್ನು ಕಸಿಯಲು ನನಗೆ ಮನಸ್ಸಾಗಲಿಲ್ಲ. ಮೇಡಂ ಕೇಳಿದಾಗ, "ಅವರು ಒಪ್ಪುತ್ತಿಲ್ಲ, ನಿಧಾನವಾಗಿ ಹೇಳುತ್ತೇನೆ" ಎಂದೆ. ಆ ನಿಧಾನಕ್ಕೆ ಎರಡು ತಿಂಗಳು ಹಿಡಿಯಿತು.

ಆ ಎರಡು ತಿಂಗಳು ನಾನು ಊರೆಲ್ಲ ಅಲೆದೆ. ಹೆಚ್ಚಾಗಿ ಹೋಗುತ್ತಿದ್ದುದು ತಿರುವೊಟ್ಟಿಯೂರಿನ ಮೀನುಗಾರರ ಕೇರಿಗೆ. ದೋಣಿಗಳ ನೆರಳಲ್ಲಿ ಬೆಂಚು ಹಾಕಿ, ಟಾರ್ಚು ಹಿಡಿದು, ಒಬ್ಬೊಬ್ಬರ ಬಾಯಿ ನೋಡುವುದು. ಒಂದು ಕಡೆ ಕಾರ್ಖಾನೆಗಳ ಹೊಗೆ, ಇನ್ನೊಂದು ಕಡೆ ಕಣ್ಣು ಕೋರೈಸುವ ನೀರು. ಬೆಳಗಿನ ಮೀನು ಮಾರಿ ಬಂದ ಮುದುಕಿಯೊಬ್ಬರು ಬಲೆಯ ಗುಡ್ಡೆಗೆ ಒರಗಿ ಕೂತು, ಹೊಗೆಸೊಪ್ಪನ್ನು ಉಗುಳಿ ಬಾಯಿ ತೆರೆದಿದ್ದರು. ಮೊದಲು ಕಡ್ಡಿ, ಆಮೇಲೆ ಬ್ರಷ್. ಮುಗಿದ ಮೇಲೆ ನನ್ನ ಗಲ್ಲ ಹಿಡಿದು, "ಕಟ್ಟೆ ಪರವಾಯಿಲ್ಲೆ ಕಣ್ಣು. ಇದು ಮೀನ್ ಮುಳ್ಳು ಮಾದಿರಿ" ಎಂದರು. ಕಟ್ಟಿಗೆಯಾದರೆ ಪರವಾಗಿಲ್ಲ ಕಂದಾ, ಇದು ಮೀನಿನ ಮುಳ್ಳಿನ ಹಾಗಿದೆ ಎಂದು. ಯಾವುದು ಹೆಚ್ಚು ಹಿತ ಎಂದು ನಾನು ಪ್ರತಿಯೊಬ್ಬರನ್ನೂ ಕೇಳಿ ಬರೆದುಕೊಳ್ಳುತ್ತಿದ್ದೆ. ಆ ಮುದುಕಿಯ ಮಾತನ್ನು ಪುಸ್ತಕದಲ್ಲಿ ಹಾಗೆಯೇ ಬರೆದುಕೊಂಡೆ. ಬರೆಯುವಾಗ ಒಂದು ಸಲ ಮಾಮಾ ಹೇಳಿದ ದೋಸೆಕಲ್ಲಿನ ಮಾತು ನೆನಪಾಗಿ ನಕ್ಕೆ.

ಬಿಸಿಲಿಗೆ ಸ್ಪಿರಿಟ್ಟು ಹಾರಿಹೋಗಿ ಎಷ್ಟೋ ಸ್ಲೈಡುಗಳು ದಾರಿಯಲ್ಲೇ ಒಣಗಿದವು. ಒಣಗಿದ ಕೋಶ ಊದಿಕೊಂಡು ಬಣ್ಣಗೆಡುತ್ತದೆ, ಒಳ್ಳೆಯದ್ದೋ ಕೆಟ್ಟದ್ದೋ ಹೇಳಲಾಗದು. ಅದಕ್ಕೊಂದು ಉಪಾಯವೆಂದು ಪಲ್ಲಾವರಂನ ವಾರದ ಸಂತೆಯ ಹಳೆ ಸಾಮಾನಿನ ರಾಶಿಯಲ್ಲಿ ಹುಡುಕಿ, ಬಿಗಿಯಾದ ಮುಚ್ಚಳದ ಗಾಜಿನ ಜಾಡಿಗಳನ್ನು ತಂದೆ. ಮಾಮಾ ಅವನ್ನು ನೋಡಿ, "ಉಪ್ಪಿನಕಾಯಿ ಹಾಕ್ತೀಯಾ?" ಎಂದು ಕೇಳಿದ್ದರು.

ಬ್ರಷ್ಷಿನ ಸ್ಲೈಡುಗಳ ರಾಶಿ ಸಾಕಷ್ಟಾದ ಮೇಲೆ ಒಂದು ದಿನ ಬೆಳಿಗ್ಗೆ ಓದಲು ಕೂತೆ. ಇಬ್ಬರು ಒಟ್ಟಿಗೆ ನೋಡಬಹುದಾದ ಸೂಕ್ಷ್ಮದರ್ಶಕ. ಎದುರಿಗೆ ಮೇಡಂ. ಕಿಟಕಿಯಾಚೆ ಬೇವಿನ ಮರ. ಸ್ಲೈಡುಗಳ ಮೇಲೆ ಬರೀ ಅಂಕಿಗಳು. ಒಂದೊಂದಾಗಿ ಸರಿಯುತ್ತಾ ಹೋದವು. ಬ್ರಷ್ ಎಷ್ಟೊಂದು ಕೋಶ ತಂದಿತ್ತು! ಕಡ್ಡಿಯಲ್ಲಿ ಎಂದೂ ನೋಡದಿದ್ದ, ದುಂಡಗಿನ, ಹಸಿರುನೀಲಿಯ ಕೆಳಪದರದ ಕೋಶಗಳು ಗುಂಪುಗುಂಪಾಗಿದ್ದವು. ನೋಡುತ್ತಾ ನೋಡುತ್ತಾ ನೀರಿನೊಳಗೆ ಇಳಿದಂತಾಗಿ ಹೊತ್ತು ಹೋದದ್ದೇ ತಿಳಿಯಲಿಲ್ಲ.

ಒಂದು ಸ್ಲೈಡಿನ ಅಂಚಿನಲ್ಲಿ ಕೈ ನಿಂತಿತು. ಏಳೆಂಟು ಕೋಶಗಳ ಸಣ್ಣ ಗುಂಪು. ಮೈ ಚಿಕ್ಕದು, ಒಳಗಿನ ಚುಕ್ಕಿ ಮಾತ್ರ ದೊಡ್ಡದು, ಕಡುಕಪ್ಪು, ಅಂಚು ಹರಿದಂತೆ ಅಂಕುಡೊಂಕು.

"ಮೇಡಂ, ಇದು ಚೆನ್ನಾಗಿಲ್ಲ" ಎಂದೆ.

ಅವರು ಬಹಳ ಹೊತ್ತು ನೋಡಿದರು. "ಬರೆದುಕೋ" ಎಂದರು. ಅಂಕಿಯ ಮುಂದೆ ಗುರುತು ಹಾಕಿದೆ. ಪಾಪ, ಯಾರೋ ಏನೋ ಎಂದು ಒಂದು ಕ್ಷಣ ಅನಿಸಿದ್ದು ನಿಜ. ಜೊತೆಗೇ, ಹೇಳಲು ನಾಚಿಕೆಯಾಗುತ್ತದೆ, ಸರಿಯಾಗಿ ಹಿಡಿದೆನಲ್ಲ ಎಂಬ ಸಣ್ಣ ಹೆಮ್ಮೆಯೂ ಇತ್ತು.

ರಾಶಿ ಮುಗಿದ ಮೇಲೆ ಮೇಡಂ ತಮ್ಮ ಬೀರುವಿನಿಂದ ಹೆಸರಿನ ಪುಸ್ತಕ ತಂದರು. ಅಂಕಿಯ ಎದುರಿನ ಹೆಸರನ್ನು ನಾನೇ ಓದಿದೆ. ಮಾಮಾ.

ಫ್ಯಾನಿನ ಸದ್ದು ದೂರ ಹೋಯಿತು. "ಅವರಿಗೆ ಏನೂ ಇಲ್ಲ ಅಂತ ಹೇಳಿಬಿಟ್ಟಿದ್ದೇನೆ ಮೇಡಂ" ಎಂದೆ.

ಮೇಡಂ ಬೈಯಲಿಲ್ಲ. "ಕಡ್ಡಿ ಹೇಳಿದ್ದನ್ನು ನೀನು ಹೇಳಿದೆ. ಕಡ್ಡಿ ಎಲ್ಲವನ್ನೂ ಹೇಳುವುದಿಲ್ಲ ಎಂಬುದನ್ನೂ ಹೇಳಬೇಕಾಗಿತ್ತು. ಬ್ರಷ್ಷಿನದನ್ನು ಎರಡು ತಿಂಗಳು ಮುಚ್ಚಿಟ್ಟ ಕ್ರಮ ನನ್ನದು, ಅದರಲ್ಲಿ ನನ್ನ ತಪ್ಪೂ ಇದೆ. ಇನ್ನು ಮೇಲೆ ಎಲ್ಲವನ್ನೂ ಆ ವಾರವೇ ಓದೋಣ" ಎಂದರು. ಆಮೇಲೆ ನೀರು ಕುಡಿಸಿ, "ಈಗ ಮನೆಗೆ ಹೋಗು. ಅವರಿಗೆ ನೀನೇ ಹೇಳು. ಬೇರೆಯವರಿಂದ ಗೊತ್ತಾಗುವುದು ಬೇಡ" ಎಂದು ಕಳಿಸಿದರು.

ಮೂರು ಗಂಟೆಯ ಹೊತ್ತು. ಕುರ್ಚಿಗಳು ಮೇಜಿನ ಮೇಲಿದ್ದವು. ಮಾಮಾ ಕಲ್ಲುಹಾಸಿನ ಮೇಲೆ ಕೂತು ಎಲೆಯ ತೊಟ್ಟು ಮುರಿಯುತ್ತಿದ್ದರು. ನಾನು ಅವರ ಪಕ್ಕದಲ್ಲಿ ಕೂತೆ. ಹೇಗೆ ಶುರುಮಾಡಬೇಕೆಂದು ಬಸ್ಸಿನಲ್ಲಿ ಹತ್ತು ಬಗೆಯಲ್ಲಿ ಹೊಂದಿಸಿಕೊಂಡದ್ದು ಒಂದೂ ನಾಲಗೆಗೆ ಬರಲಿಲ್ಲ.

"ಮಾಮಾ, ನಾನು ಅವತ್ತು ಹೇಳಿದ್ದು ತಪ್ಪು."

ಅವರ ಬೆರಳು ನಿಂತಿತು.

"ನಿಮ್ಮ ಕೆನ್ನೆಯಿಂದ ಎರಡು ಸ್ಲೈಡ್ ತಗೊಂಡಿದ್ದೆ. ಒಂದನ್ನ ಮಾತ್ರ ನೋಡಿ ಏನೂ ಇಲ್ಲ ಅಂದೆ. ಇನ್ನೊಂದನ್ನ ಇವತ್ತು ನೋಡಿದ್ವಿ. ಅದರಲ್ಲಿ ಕೆಟ್ಟ ಕೋಶ ಇದೆ. ಬಯಾಪ್ಸಿ ಮಾಡಿಸ್ಲೇಬೇಕು. ಅವತ್ತೇ ಹಟ ಮಾಡಿ ಮಾಡಿಸ್ಬೇಕಿತ್ತು. ನಾನು ಮಾಡ್ಲಿಲ್ಲ."

ನಾನು ಅಳುತ್ತಿದ್ದೆ. ಅವರು ಅಳಲಿಲ್ಲ. ಕೈಲಿದ್ದ ಎಲೆಯನ್ನು ಮಡಚದೆ ಕಲ್ಲಿನ ಮೇಲೆ ಇಟ್ಟರು. ಗಾಳಿ ಅದನ್ನು ಮೆಲ್ಲಗೆ ಎತ್ತಿ ಒಯ್ದಿತು.

"ಕ್ಯಾನ್ಸರಾ?"

"ಗೊತ್ತಿಲ್ಲ ಮಾಮಾ. ಇರಬಹುದು."

"ಸಾಂಬಾರಿಗೆ ಮೇಲೆ ಸೌಟು ಹಾಕಿದ್ರೆ ತಿಳಿನೀರು ಸಿಕ್ತದೆ, ತಳಕ್ಕೆ ಹಾಕಿದ್ರೆ ಬೇಳೆ ಸಿಕ್ತದೆ. ನೀನು ಮೇಲಿಂದ ಹಾಕಿದ್ದಿ, ಅಷ್ಟೇ ಅಲ್ದಾ?"

ಹೌದೆಂದು ತಲೆಯಾಡಿಸಿದೆ. ಅವರು ಎಲೆಯ ಡಬ್ಬಿಗೆ ಮುಚ್ಚಳ ಹಾಕಿದರು. ಆಮೇಲೆ, "ಎರಡು ತಿಂಗಳು ನಾನು ಚಂದ ನಿದ್ದೆ ಮಾಡಿದೆ ಮಗಾ. ಅದು ನೀನು ಕೊಟ್ಟದ್ದು. ಅದಕ್ಕೆ ಅಳಬೇಡ. ಆದರೆ ಇನ್ನೊಬ್ಬರಿಗೆ ಹಾಗೆ ಹೇಳಬೇಡ" ಎಂದರು. ಎದ್ದು ಪಂಚೆ ಕೊಡವಿಕೊಂಡು, "ನಾಳೆಯೇ ಹೋಪ" ಎಂದರು.

ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದೇ ಬಂತು. ಇನ್ನೂ ಸಣ್ಣದು, ಆಳಕ್ಕೆ ಇಳಿದಿರಲಿಲ್ಲ, ಕುತ್ತಿಗೆಯ ಗಂಟುಗಳಿಗೂ ಹರಡಿರಲಿಲ್ಲ. ದೊಡ್ಡ ಆಸ್ಪತ್ರೆಯಲ್ಲಿ ಒಳಗೆನ್ನೆಯ ಆ ಭಾಗವನ್ನು ತೆಗೆದು, ತೊಡೆಯ ಚರ್ಮದ ತೇಪೆ ಹಾಕಿದರು. ಊರಿಂದ ಅವರ ಹೆಂಡತಿ ಬಸ್ಸಿನಲ್ಲಿ ಬಂದು ನಮ್ಮ ಮನೆಯಲ್ಲೇ ಉಳಿದರು. ಅಮ್ಮನ ಕನ್ನಡ ಅವರಿಗೆ, ಅವರ ಕನ್ನಡ ಅಮ್ಮನಿಗೆ ಅರ್ಧರ್ಧ ತಿಳಿಯುತ್ತಿತ್ತು. ಇಬ್ಬರೂ ಗಂಜಿಯ ಪಾತ್ರೆಯ ಮುಂದೆ ಕೂತು ಗಂಟೆಗಟ್ಟಲೆ ಮಾತಾಡುತ್ತಿದ್ದರು. ಒಂದು ಸಲ ಆಕೆ ನನ್ನನ್ನು ಕರೆದು, "ಅದನ್ನು ಕಂಡದ್ದು ನೀನೇ ಅಂತೆ ಅಲ್ದಾ?" ಎಂದು ಕೇಳಿದರು. ಕಂಡವಳೂ ನಾನೇ, ಕಾಣದೆ ಬಿಟ್ಟವಳೂ ನಾನೇ ಎಂದು ಎಲ್ಲವನ್ನೂ ಹೇಳಿದೆ. ಆಕೆ ಕೇಳಿಸಿಕೊಂಡು, ನನ್ನ ಜಡೆ ಬಿಚ್ಚಿ ಎಣ್ಣೆ ಹಚ್ಚಿ ಮತ್ತೆ ಹೆಣೆದರು.

ಗಾಯ ಮಾಗುವಾಗ ಮಾಮಾನ ಬಾಯಿ ಬಿಗಿದುಕೊಂಡಿತು. ಎರಡು ಬೆರಳೂ ಹೋಗುವಂತಿರಲಿಲ್ಲ. ಆಗ ಅದೇ ಮರದ ಕಡ್ಡಿಗಳ ಕಟ್ಟೊಂದನ್ನು ತಂದುಕೊಟ್ಟೆ. ಹಲ್ಲುಗಳ ನಡುವೆ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಬಾಯಿ ಅಗಲಿಸುವ ವ್ಯಾಯಾಮ. ಕೆಲವು ದಿನಕ್ಕೊಮ್ಮೆ ಒಂದು ಕಡ್ಡಿ ಹೆಚ್ಚು. ಮಧ್ಯಾಹ್ನದ ಹೊತ್ತು ಎಲೆಯ ಡಬ್ಬಿಯಿದ್ದ ಜಾಗದಲ್ಲಿ ಕಡ್ಡಿಗಳ ಕಟ್ಟು ಇಟ್ಟುಕೊಂಡು, ಮಾತಿಲ್ಲದೆ, ಕಣ್ಣಲ್ಲಿ ನೀರು ತುಂಬಿಕೊಂಡು ಅವರು ಅದನ್ನು ಮಾಡುತ್ತಿದ್ದುದನ್ನು ನೋಡುವುದು ಕಷ್ಟವಾಗುತ್ತಿತ್ತು. ಆದರೂ ಪಕ್ಕದಲ್ಲಿ ಕೂತಿರುತ್ತಿದ್ದೆ. ನಾಲಗೆಗೆ ಏನೂ ಆಗಿರಲಿಲ್ಲ. ಐದಾರು ತಿಂಗಳಿಗೆ ಅವರು ಮತ್ತೆ ಒಲೆಯ ಮುಂದೆ ನಿಂತರು.

ಪ್ರಬಂಧ ಬರೆಯುವ ಹೊತ್ತು ಬಂತು. ಬ್ರಷ್ ಕಡ್ಡಿಗಿಂತ ಮೇಲು ಎಂದು ನಾನು ಉಗ್ರವಾಗಿ ಬರೆದೆ. ನನಗೆ ಕಡ್ಡಿಯ ಮೇಲೆ ಸಿಟ್ಟಿತ್ತು. ಮೇಡಂ ಓದಿ, ಕನ್ನಡಕ ತೆಗೆದಿಟ್ಟು, "ಒಬ್ಬರ ಕೆನ್ನೆಯಿಂದ ಇದನ್ನು ಬರೆದಿದ್ದೀಯಾ, ಎಲ್ಲರ ಕೆನ್ನೆಯಿಂದ ಬರೆದಿದ್ದೀಯಾ?" ಎಂದು ಕೇಳಿದರು.

ನಾನು ಹಾಳೆಗಳನ್ನು ಹಿಂದಕ್ಕೆ ತಿರುವಿ ಮಾಮಾನ ಅಂಕಿಯ ಮೇಲೆ ಬೆರಳಿಟ್ಟೆ.

"ಅವರಿಗೆ ಕಡ್ಡಿ ಹಾಕಿದ್ದು ಮುಂದಿನ ಅರ್ಧಕ್ಕೆ, ಬ್ರಷ್ ಹಿಂದಿನ ಅರ್ಧಕ್ಕೆ. ರೋಗ ಹಿಂದಿನ ಅರ್ಧದಲ್ಲೇ ಇದ್ದಿದ್ದರೆ? ಕಡ್ಡಿಯನ್ನು ಅಲ್ಲಿ ಹಾಕಿದ್ದರೆ ಅದಕ್ಕೂ ಸಿಗುತ್ತಿತ್ತೋ ಏನೋ. ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆ."

ಮತ್ತೆ ಕೂತು ಬರೆದೆ. ಬ್ರಷ್ಷಿನಲ್ಲಿ ಹೆಚ್ಚು ಕೋಶ, ಆಳದ ಕೋಶ ಬರುತ್ತವೆ. ಕಡ್ಡಿಯಲ್ಲಿ ನೋವು ಕಡಿಮೆ, ಎಲ್ಲೆಂದರಲ್ಲಿ ಸಿಗುತ್ತದೆ, ಜನ ಹೆದರುವುದಿಲ್ಲ. ಯಾವುದರಲ್ಲೇ ಆಗಲಿ ಏನೂ ಸಿಗದಿದ್ದರೆ ಅಲ್ಲಿ ಏನೂ ಇಲ್ಲವೆಂದು ಅರ್ಥವಲ್ಲ. ಕಣ್ಣಿಗೆ ಮಚ್ಚೆ ಕಾಣುತ್ತಿದ್ದರೆ ಬಯಾಪ್ಸಿ ಬಿಡಬಾರದು. ಈ ಕೊನೆಯ ಮಾತು ಎಲ್ಲ ಪಠ್ಯಪುಸ್ತಕಗಳಲ್ಲೂ ಇದ್ದದ್ದೇ. ನಾನೂ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಅದನ್ನು ಬರೆಯುವಾಗ ಮಾತ್ರ ಪೆನ್ನು ಭಾರವಾಗಿತ್ತು.

ಓದು ಮುಗಿದು ಅದೇ ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದ ವರ್ಷ, ಒಂದು ದಿನ ಮಾಮಾ ಮನೆಗೆ ಬಂದು ಅಮ್ಮ ಕೊಟ್ಟ ಕಾಫಿ ಮುಂದಿಟ್ಟುಕೊಂಡು ಕೂತರು. "ಬರುವ ವಾರ ಮಧ್ಯಾಹ್ನ ನಿನ್ನ ಮೇಡಮ್ಮನ್ನ ಕರ್ಕೊಂಡು ಹಿತ್ತಲಿಗೆ ಬಾ. ಸುತ್ತಮುತ್ತಲಿನ ಹೋಟೆಲಿನ ನಮ್ಮವರನ್ನೆಲ್ಲ ಸೇರಿಸಿದ್ದೇನೆ. ಎಲ್ಲ ಎಲೆ ಹಾಕುವವರೇ. ಬ್ರಷ್ಷು, ಕಡ್ಡಿ ಎಂತ ಬೇಕೋ ತಕೊಂಡು ಬಾ" ಎಂದರು.

ಹೋದೆವು. ಊಟದ ಗಲಾಟೆ ಮುಗಿದು ತಿಂಡಿಯ ಹೊತ್ತು ಇನ್ನೂ ಶುರುವಾಗಿರದ ಆ ನಡುವಿನ ಗಳಿಗೆ. ಹಿಟ್ಟು ರುಬ್ಬುವವರು, ದೋಸೆ ಹಾಕುವವರು, ಬಡಿಸುವವರು, ಇಪ್ಪತ್ತಕ್ಕೂ ಹೆಚ್ಚು ಮಂದಿ ಬಾಯಿ ತೊಳೆದುಕೊಂಡು ಸಾಲಾಗಿ ಕೂತಿದ್ದರು. ಪಂಚೆಗಳು ತಲೆಯ ಮೇಲೆ ಹಗುರಾಗಿ ಆಡುತ್ತಿದ್ದವು. ಮೇಡಂ ದೀಪ ಹಿಡಿದರು. ನಾನು ಕೈಗವಸು ಹಾಕಿಕೊಂಡೆ. ಹೆಚ್ಚಿನವರ ಬಾಯಿ ಚೆನ್ನಾಗಿತ್ತು. ಇಬ್ಬರಲ್ಲಿ ಸಣ್ಣ ಮಚ್ಚೆಗಳಿದ್ದವು. ಕೋಶ ತೆಗೆದ ಮೇಲೆ, ಈ ಸ್ಲೈಡು ಏನು ಹೇಳಿದರೂ ಬಯಾಪ್ಸಿಗೆ ಬರಲೇಬೇಕೆಂದು ಅಲ್ಲೇ ದಿನ ಗೊತ್ತುಮಾಡಿ ಚೀಟಿ ಬರೆದುಕೊಟ್ಟೆ.

ಕೊನೆಯಲ್ಲಿ ಒಬ್ಬರು ಉಳಿದರು. ಪಕ್ಕದ ಬೀದಿಯ ಹೋಟೆಲಿನ ಹಿರಿಯ ಸಪ್ಲೈಯರು. ಬಾಗಿಲ ಹತ್ತಿರವೇ ನಿಂತಿದ್ದರು.

"ನನಗೆಂತ ಆಗಿದೆ? ನಾನು ಚೆನ್ನಾಗಿಯೇ ಇದ್ದೇನಲ್ಲ" ಎಂದರು.

ಮಾಮಾ ಅವರ ಎದುರಿಗೆ ಹೋಗಿ ನಿಂತರು. ಬಾಯಿ ತೆರೆದರು. ಮೊದಲಿನಷ್ಟು ಅಗಲ ತೆರೆಯುತ್ತಿರಲಿಲ್ಲ, ಆದರೂ ತೆರೆದಷ್ಟೂ ತೆರೆದು, ಬೆರಳಿನಿಂದ ತುಟಿ ಸರಿಸಿ, ಎಡಗೆನ್ನೆಯ ಒಳಗಿದ್ದ, ಉಳಿದ ಮಾಂಸದ ಬಣ್ಣಕ್ಕೆ ಹೊಂದದ ಆ ಮಾಸಲು ತೇಪೆಯನ್ನು ತೋರಿಸಿದರು.

"ಇದು ತೊಡೆಯ ಚರ್ಮ. ನಾನೂ ಚೆನ್ನಾಗಿಯೇ ಇದ್ದೆ. ಹೋಗಿ ಕೂತ್ಕೋ ಮಾರಾಯ" ಎಂದರು.

ಆತ ಒಂದು ನಿಮಿಷ ಅದನ್ನೇ ನೋಡುತ್ತಾ ನಿಂತಿದ್ದರು. ಆಮೇಲೆ ಹೆಗಲ ಮೇಲಿನ ಟವೆಲನ್ನು ತೆಗೆದು ಮಡಚಿ, ನನ್ನೆದುರಿನ ಸ್ಟೂಲಿನ ಮೇಲೆ ಬಂದು ಕೂತರು. "ನೋವಾಗ್ತದಾ ಅಮ್ಮ?" ಎಂದು ಕೇಳಿದರು.

"ಸ್ವಲ್ಪ ಉರೀತದೆ" ಎಂದೆ.